ಮುಖಪುಟ ಸರಿ, ಒಳಪುಟ 404: ರಿಲೇಟಿವ್ ಮತ್ತು ಆಬ್ಸಲ್ಯೂಟ್ ಲಿಂಕ್‌ಗಳ ದೋಷ ನಿವಾರಣೆ

ಸ್ವಂತ ಕಂಪ್ಯೂಟರಿನಲ್ಲಿ ತಾಣ ಚೆನ್ನಾಗಿಯೇ ಓಡುತ್ತಿರುತ್ತದೆ. ಸರ್ವರಿಗೆ ಏರಿಸಿದ ಮೇಲೆ ಮುಖಪುಟವೂ ಸರಿಯಾಗಿರುತ್ತದೆ. ಒಳಪುಟಕ್ಕೆ ಹೋದರೆ ಮಾತ್ರ ಬಣ್ಣವಿಲ್ಲ, ಚಿತ್ರವಿಲ್ಲ, ಮೆನು ಒತ್ತಿದರೆ 404, ಅಂದರೆ ಕೇಳಿದ ಪುಟ ಸಿಗಲಿಲ್ಲ ಎಂಬ ಸರ್ವರಿನ ಉತ್ತರ. ಆಗ ಎಲ್ಲರೂ ಮೊದಲು ಹುಡುಕುವುದು ಕಾಣೆಯಾದ ಫೈಲನ್ನು. ಫೈಲ್ ಇರಬೇಕಾದಲ್ಲೇ ಇರುತ್ತದೆ. ಬ್ರೌಸರ್ ಅದನ್ನು ಬೇರೆಲ್ಲೋ ಕೇಳುತ್ತಿರುತ್ತದೆ, ಏಕೆಂದರೆ ಲಿಂಕನ್ನು ಅದು ಯಾವ ವಿಳಾಸದಿಂದ ಎಣಿಸಿಕೊಂಡು ಓದಬೇಕು ಎಂದು ನೀವು ಅಂದುಕೊಂಡಿದ್ದೀರೋ ಅಲ್ಲಿಂದ ಓದುತ್ತಿಲ್ಲ. ಹಾಗೆ ಎಣಿಕೆ ಶುರುವಾಗುವ ವಿಳಾಸಕ್ಕೆ ಬೇಸ್ ಎನ್ನುತ್ತಾರೆ. ಮುರಿದ ಲಿಂಕಿನ ಮುಂದೆ ಕೂತಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಈಗ ಬೇಸ್ ಯಾವುದು ಎಂಬುದು.

ಒಂದು ಸೂಚನೆ: ಕೆಳಗಿನ ವಿಳಾಸ, ಟ್ಯಾಗ್, ಕಮಾಂಡ್‌ಗಳೆಲ್ಲ ಕನ್ನಡ ಲಿಪಿಯಲ್ಲಿವೆ. ಟ್ಯಾಗ್ ಮತ್ತು ಕಮಾಂಡ್‌ಗಳನ್ನು ಟೈಪ್ ಮಾಡುವಾಗ ಎಂದಿನ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ. ಫೋಲ್ಡರ್ ಮತ್ತು ಫೈಲ್ ಹೆಸರುಗಳು ಕನ್ನಡದಲ್ಲೇ ಇದ್ದರೂ ನಡೆಯುತ್ತದೆ. ಅದರ ತೊಡಕುಗಳನ್ನು ಮುಂದೆ ಬೇರೆಯಾಗಿ ಹೇಳಿದೆ.

## ಬ್ರೌಸರ್ ಲಿಂಕನ್ನು ಓದುವ ಬಗೆ

ಲಿಂಕ್‌ಗಳಲ್ಲಿ ಎರಡು ಬಗೆ ಎಂದು ಹೇಳುವುದು ರೂಢಿ. ಕೆಲಸಕ್ಕೆ ಕೂತಾಗ ಮೂರು ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಎಚ್‌ಟಿಟಿಪಿಎಸ್‌ನಿಂದ ಹಿಡಿದು ಡೊಮೈನ್ ಸಮೇತ ಬರೆದದ್ದು ಪೂರ್ಣ ವಿಳಾಸ, ಅಂದರೆ ಆಬ್ಸಲ್ಯೂಟ್. ಸ್ಲ್ಯಾಶ್‌ನಿಂದ ಶುರುವಾಗುವುದು ಡೊಮೈನಿನ ರೂಟ್‌ನಿಂದ, ಅಂದರೆ ಎಲ್ಲಕ್ಕಿಂತ ಮೇಲಿನ ಹಂತದಿಂದ ಹೊರಡುವ ಲಿಂಕ್. ಫೈಲ್ ಹೆಸರಿನಿಂದಲೋ ಚುಕ್ಕಿಗಳಿಂದಲೋ ಶುರುವಾಗುವುದು ಪುಟದಿಂದ ಹೊರಡುವ ಲಿಂಕ್. ಕೊನೆಯ ಎರಡನ್ನೂ ರಿಲೇಟಿವ್ ಎಂದೇ ಕರೆಯುತ್ತಾರೆ. ಆದರೆ ಅವೆರಡು ಕೆಡುವ ಸಂದರ್ಭಗಳು ಪೂರ್ತಿ ಬೇರೆ, ಆದ್ದರಿಂದ ಒಂದೇ ಹೆಸರಿನಡಿ ಸೇರಿಸಿದರೆ ದೋಷ ಹುಡುಕುವಾಗ ದಾರಿ ತಪ್ಪುತ್ತದೆ.

ನಿಯಮವನ್ನು 2005ರ ಜನವರಿಯ ಆರ್‌ಎಫ್‌ಸಿ 3986 ಎಂಬ ಇಂಟರ್ನೆಟ್ ಮಾನದಂಡದ ಐದನೇ ವಿಭಾಗದಲ್ಲಿ ಉದಾಹರಣೆಗಳ ಸಮೇತ ಬಿಡಿಸಿಟ್ಟಿದೆ. ಇಂದಿನ ಬ್ರೌಸರ್‌ಗಳು ಅನುಸರಿಸುವುದು ಬ್ರೌಸರ್ ತಯಾರಕರ ಕೂಟವಾದ ಡಬ್ಲ್ಯುಎಚ್‌ಎಟಿಡಬ್ಲ್ಯುಜಿ ಪ್ರಕಟಿಸುವ ಯುಆರ್‌ಎಲ್ ಸ್ಟ್ಯಾಂಡರ್ಡ್ ಅನ್ನು. ನಮ್ಮ ಕೆಲಸದ ಮಟ್ಟಿಗೆ ಎರಡೂ ಒಂದೇ. ಪುಟ ಇಲ್ಲಿದೆ ಎನ್ನೋಣ:

ಎಚ್‌ಟಿಟಿಪಿಎಸ್://ಉದಾಹರಣೆ.ಭಾರತ/ಲೇಖನ/ಕೃಷಿ/ಅಡಿಕೆ.ಎಚ್‌ಟಿಎಂಎಲ್

ಬ್ರೌಸರ್ ಮೊದಲು ಕೊನೆಯ ಸ್ಲ್ಯಾಶ್‌ನ ನಂತರದ ಭಾಗವನ್ನು ಕತ್ತರಿಸಿ ಎಸೆಯುತ್ತದೆ. ಉಳಿದದ್ದು /ಲೇಖನ/ಕೃಷಿ/. ಆಮೇಲೆ ಲಿಂಕನ್ನು ಅದಕ್ಕೆ ಜೋಡಿಸುತ್ತದೆ:

- ಕೊಳೆರೋಗ.ಎಚ್‌ಟಿಎಂಎಲ್ → /ಲೇಖನ/ಕೃಷಿ/ಕೊಳೆರೋಗ.ಎಚ್‌ಟಿಎಂಎಲ್
- ../ಮಳೆ.ಎಚ್‌ಟಿಎಂಎಲ್ → /ಲೇಖನ/ಮಳೆ.ಎಚ್‌ಟಿಎಂಎಲ್
- /ಶೈಲಿ/ಮುಖ್ಯ.ಸಿಎಸ್‌ಎಸ್ → /ಶೈಲಿ/ಮುಖ್ಯ.ಸಿಎಸ್‌ಎಸ್, ಪುಟ ಎಷ್ಟೇ ಆಳದಲ್ಲಿರಲಿ
- ?ಪುಟ=2 → ಇದೇ ಅಡಿಕೆ ಪುಟ, ಪ್ರಶ್ನೆಯ ಭಾಗ ಮಾತ್ರ ಹೊಸದು
- #ಔಷಧಿ → ಇದೇ ಪುಟದೊಳಗಿನ ಜಾಗ
- //ಚಿತ್ರ.ಉದಾಹರಣೆ.ಭಾರತ/ಗೊನೆ.ಜೆಪಿಜಿ → ಬೇರೆ ಹೋಸ್ಟ್, ಪ್ರೋಟೋಕಾಲ್ ಮಾತ್ರ ಪುಟದ್ದು
- ../../../../ಮಳೆ.ಎಚ್‌ಟಿಎಂಎಲ್ → /ಮಳೆ.ಎಚ್‌ಟಿಎಂಎಲ್

ಕೊನೆಯದನ್ನು ಗಮನಿಸಿ. ರೂಟ್ ಮುಟ್ಟಿದ ಮೇಲೆ ಹೆಚ್ಚುವರಿ ಚುಕ್ಕಿಗಳನ್ನು ಬ್ರೌಸರ್ ಸದ್ದಿಲ್ಲದೆ ನುಂಗುತ್ತದೆ, ದೋಷ ತೋರಿಸುವುದಿಲ್ಲ. ಹಾಗಾಗಿ ಒಂದು ಚುಕ್ಕಿಜೋಡಿ ಜಾಸ್ತಿ ಬರೆದ ಲಿಂಕ್ ಸ್ವಂತ ಡೊಮೈನಿನಲ್ಲಿ ವರ್ಷಗಟ್ಟಲೆ ಸರಿಯಾಗಿಯೇ ಓಡಬಹುದು. ತಾಣವನ್ನು ಒಂದು ಉಪಫೋಲ್ಡರಿಗೆ ಸರಿಸಿದ ದಿನ ಕೈಕೊಡುತ್ತದೆ.

ಇನ್ನೊಂದು ವಿಷಯ: ಸರ್ವರಿನ ಡಿಸ್ಕಿನಲ್ಲಿ ಫೋಲ್ಡರ್‌ಗಳು ಹೇಗಿವೆ ಎಂಬುದು ಬ್ರೌಸರಿಗೆ ಗೊತ್ತೇ ಇಲ್ಲ. ಅದಕ್ಕೆ ಕಾಣುವುದು ವಿಳಾಸಪಟ್ಟಿಯ ಸಾಲು ಮಾತ್ರ. ಸರ್ವರಿನಲ್ಲಿ ರೀರೈಟ್ ನಿಯಮ (ಒಂದು ವಿಳಾಸ ಕೇಳಿದರೆ ಬೇರೆ ಫೈಲ್ ಕೊಡುವ ಸೂಚನೆ) ಹಾಕಿ ಅಡಿಕೆ.ಎಚ್‌ಟಿಎಂಎಲ್ ಫೈಲನ್ನು /ಲೇಖನ/ಕೃಷಿ/ಅಡಿಕೆ/ ಎಂಬ ಚಂದದ ವಿಳಾಸದಲ್ಲಿ ಕೊಟ್ಟರೆ ಆಳ ಒಂದು ಹಂತ ಹೆಚ್ಚಿತು, ಪುಟದಿಂದ ಹೊರಡುವ ಲಿಂಕ್‌ಗಳೆಲ್ಲ ಒಂದು ಹಂತ ತಪ್ಪಿದವು. ಫೈಲ್ ಮಾತ್ರ ಕದಲಿಲ್ಲ.

## ಮೊದಲ ಪರೀಕ್ಷೆ

ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ವಿಭಾಗ ತೆರೆಯಿರಿ, ಅಲ್ಲಿ ಕ್ಯಾಶ್ ನಿಲ್ಲಿಸುವ ಪೆಟ್ಟಿಗೆಗೆ ಗುರುತು ಹಾಕಿ, ಪುಟವನ್ನು ಮತ್ತೆ ಲೋಡ್ ಮಾಡಿ. ಸ್ಟೇಟಸ್ ಕಾಲಮ್ಮಿನಲ್ಲಿ 404 ಇರುವ ಸಾಲು ಒತ್ತಿ ಅದರ ಪೂರ್ಣ ವಿಳಾಸ ಓದಿ. ಇರಬೇಕಾದ ವಿಳಾಸವನ್ನು ಅದರ ಕೆಳಗೆ ಬರೆದುಕೊಂಡು ಎರಡನ್ನೂ ಒಂದೊಂದೇ ಭಾಗವಾಗಿ ಹೋಲಿಸಿ. ಒಂದು ಫೋಲ್ಡರ್ ಹೆಚ್ಚಿದೆಯೇ, ಕಡಿಮೆಯಾಗಿದೆಯೇ, ಹೋಸ್ಟ್ ಬೇರೆಯೇ, ಅಕ್ಷರ ಬೇರೆಯೇ? ಈ ನಾಲ್ಕರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಇನಿಶಿಯೇಟರ್ ಕಾಲಮ್ಮು ಆ ಕೋರಿಕೆ ಎಚ್‌ಟಿಎಂಎಲ್‌ನಿಂದ ಬಂತೋ, ಸಿಎಸ್‌ಎಸ್‌ನಿಂದಲೋ, ಸ್ಕ್ರಿಪ್ಟಿನಿಂದಲೋ ಎಂದು ಹೇಳುತ್ತದೆ. ಇದನ್ನು ನೋಡದೆ ಎಚ್‌ಟಿಎಂಎಲ್ ತಿದ್ದಲು ಹೊರಡಬೇಡಿ.

ಒತ್ತುವ ಲಿಂಕ್ ಆಗಿದ್ದರೆ ಎಲಿಮೆಂಟ್ಸ್ ವಿಭಾಗದಲ್ಲಿ ಅದನ್ನು ಆರಿಸಿ ಕನ್ಸೋಲ್‌ಗೆ ಬನ್ನಿ. $0 ಎಂದರೆ ಈಗಷ್ಟೇ ಆರಿಸಿದ ಟ್ಯಾಗ್. $0.ಗೆಟ್‌ಆಟ್ರಿಬ್ಯೂಟ್('ಎಚ್‌ರೆಫ್') ಎಂದು ಕೇಳಿದರೆ ಕೋಡಿನಲ್ಲಿ ಬರೆದದ್ದು ಹಾಗೆಯೇ ಬರುತ್ತದೆ. $0.ಎಚ್‌ರೆಫ್ ಎಂದಷ್ಟೇ ಕೇಳಿದರೆ ಬ್ರೌಸರ್ ಜೋಡಿಸಿದ ಪೂರ್ಣ ವಿಳಾಸ ಬರುತ್ತದೆ. ಮೂರನೆಯದಾಗಿ ಡಾಕ್ಯುಮೆಂಟ್.ಬೇಸ್‌ಯುಆರ್‌ಐ ಕೇಳಿ. ಅದು ವಿಳಾಸಪಟ್ಟಿಯಲ್ಲಿ ಇರುವುದಕ್ಕಿಂತ ಬೇರೆ ಬಂದರೆ ಪುಟದಲ್ಲಿ ಎಲ್ಲೋ ಬೇಸನ್ನು ಬದಲಿಸುವ ಬೇಸ್ ಟ್ಯಾಗ್ ಕೂತಿದೆ ಎಂದರ್ಥ.

ಪುಟದ ಮೂಲ ನೋಡುವಾಗ ಎಲಿಮೆಂಟ್ಸ್ ವಿಭಾಗವನ್ನಷ್ಟೇ ನಂಬಬೇಡಿ. ಅದು ಸ್ಕ್ರಿಪ್ಟುಗಳು ತಿದ್ದಿದ ನಂತರದ ರೂಪ. ಸರ್ವರ್ ಕಳುಹಿಸಿದ್ದನ್ನು ನೋಡಲು ಕಂಟ್ರೋಲ್-ಯು ಒತ್ತಿ, ಅಥವಾ ವಿಳಾಸ ಕೊಟ್ಟರೆ ಸರ್ವರಿನ ಉತ್ತರ ತಂದುಕೊಡುವ ಕರ್ಲ್ ಕಮಾಂಡಿನಿಂದ ತರಿಸಿಕೊಳ್ಳಿ.

## ಕೊನೆಯ ಸ್ಲ್ಯಾಶ್

ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು. /ಲೇಖನ/ಕೃಷಿ ಮತ್ತು /ಲೇಖನ/ಕೃಷಿ/ ಎರಡೂ ಒಂದೇ ಪುಟ ತೋರಿಸುತ್ತವೆ, ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಆದರೆ ಮೊದಲನೆಯದರಲ್ಲಿ ಕೊನೆಯ ಸ್ಲ್ಯಾಶ್‌ನ ನಂತರ ಇರುವುದು "ಕೃಷಿ" ಎಂಬ ಭಾಗ, ಅದು ಕತ್ತರಿಸಿ ಹೋಗುತ್ತದೆ. ಪುಟದಲ್ಲಿ ಗೊನೆ.ಜೆಪಿಜಿ ಎಂದು ಬರೆದಿದ್ದರೆ ಮೊದಲನೆಯದು /ಲೇಖನ/ಗೊನೆ.ಜೆಪಿಜಿ ಕೇಳುತ್ತದೆ, ಎರಡನೆಯದು /ಲೇಖನ/ಕೃಷಿ/ಗೊನೆ.ಜೆಪಿಜಿ ಕೇಳುತ್ತದೆ. "ನನಗೆ ಚಿತ್ರ ಕಾಣುತ್ತಿದೆ, ಅವರಿಗೆ ಕಾಣುತ್ತಿಲ್ಲ" ಎಂಬ ದೂರು ಬಂದಾಗ ಇಬ್ಬರ ವಿಳಾಸಪಟ್ಟಿಯನ್ನೂ ತರಿಸಿ ನೋಡಿ.

ಅಪಾಚೆ ಎಂಬ ವೆಬ್ ಸರ್ವರಿನಲ್ಲಿ ನಿಜವಾದ ಫೋಲ್ಡರ್ ಇದ್ದರೆ ಡೈರೆಕ್ಟರಿಸ್ಲ್ಯಾಶ್ ಎಂಬ ಸೌಲಭ್ಯ ತಾನಾಗಿಯೇ ಸ್ಲ್ಯಾಶ್ ಸೇರಿಸಿ 301 (ಕಾಯಂ ಆಗಿ ಬೇರೆ ವಿಳಾಸಕ್ಕೆ ತಿರುಗಿಸುವ ಉತ್ತರ) ಕಳುಹಿಸುತ್ತದೆ. ಎಂಜಿನ್‌ಎಕ್ಸ್ ಸರ್ವರ್ ಕೂಡ ಹಾಗೆಯೇ. ಫೋಲ್ಡರ್ ಇಲ್ಲದೆ ಪ್ರೋಗ್ರಾಂ ಪುಟ ಕಟ್ಟಿಕೊಡುವಲ್ಲಿ ಈ ರಕ್ಷಣೆ ಇರುವುದಿಲ್ಲ. ಪರಿಹಾರ: ಎರಡರಲ್ಲಿ ಒಂದು ರೂಪ ಆರಿಸಿ, ಇನ್ನೊಂದನ್ನು 301ರಿಂದ ಅದಕ್ಕೆ ತಿರುಗಿಸಿ. ಯಾವುದನ್ನು ಆರಿಸಿದಿರಿ ಎನ್ನುವುದಕ್ಕಿಂತ ತಾಣದಾದ್ಯಂತ ಅದನ್ನೇ ಪಾಲಿಸಿದಿರಾ ಎನ್ನುವುದು ಮುಖ್ಯ.

ಎಂಜಿನ್‌ಎಕ್ಸ್ ಒಂದು ಪ್ರಾಕ್ಸಿಯ (ಓದುಗರ ಕೋರಿಕೆ ಪಡೆದು ಒಳಗೆ ದಾಟಿಸುವ ಸರ್ವರ್) ಹಿಂದೆ 8080 ಪೋರ್ಟಿನಲ್ಲಿ ಕೂತಿದ್ದರೆ ಈ ತಿರುಗಿಸುವಿಕೆಯೇ ಕೆಡಬಹುದು. ಅದು ಸ್ಲ್ಯಾಶ್ ಸೇರಿಸುವಾಗ ತನ್ನ ಪೋರ್ಟನ್ನೂ ಸೇರಿಸಿ ಪೂರ್ಣ ವಿಳಾಸ ಕಳುಹಿಸುತ್ತದೆ, ಓದುಗರ ಬ್ರೌಸರ್ ಹೊರಗಿನಿಂದ ಮುಚ್ಚಿರುವ 8080ಕ್ಕೆ ಹೋಗಿ ನಿಲ್ಲುತ್ತದೆ. ಲಕ್ಷಣ ಸ್ಪಷ್ಟ: ಸ್ಲ್ಯಾಶ್ ಸಮೇತ ಟೈಪ್ ಮಾಡಿದರೆ ಪುಟ ತೆರೆಯುತ್ತದೆ, ಇಲ್ಲದೆ ಟೈಪ್ ಮಾಡಿದರೆ ಸುತ್ತುತ್ತಾ ಇರುತ್ತದೆ. ಕರ್ಲ್‌ಗೆ ದೊಡ್ಡ ಐ ಸ್ವಿಚ್ ಕೊಟ್ಟು ಉತ್ತರದಲ್ಲಿ ಎಲ್ಲಿಗೆ ಹೋಗಬೇಕೆಂದು ಹೇಳುವ ಲೊಕೇಶನ್ ಹೆಡರ್ ನೋಡಿದರೆ ಪೋರ್ಟ್ ಸಿಕ್ಕಿಬೀಳುತ್ತದೆ. ಕಾನ್ಫಿಗರೇಶನ್‌ನಲ್ಲಿ ಆಬ್ಸಲ್ಯೂಟ್_ರೀಡೈರೆಕ್ಟ್ ಆಫ್ ಎಂದು ಬರೆಯಿರಿ (1.11.8ನೇ ಆವೃತ್ತಿಯಿಂದ ಇದೆ). 1999ರ ಎಚ್‌ಟಿಟಿಪಿ ನಿಯಮ ಲೊಕೇಶನ್ ಹೆಡರಿನಲ್ಲಿ ಪೂರ್ಣ ವಿಳಾಸವೇ ಬೇಕು ಎನ್ನುತ್ತಿತ್ತು; 2014ರ ಆರ್‌ಎಫ್‌ಸಿ 7231 ರಿಲೇಟಿವ್ ಕೂಡ ಸಾಕು ಎಂದಿತು. ಹಾಗಾಗಿ ಅಂಜಬೇಕಿಲ್ಲ.

## ತಾಣ ರೂಟ್‌ನಲ್ಲಿ ಇಲ್ಲದಿದ್ದರೆ

ಗಿಟ್‌ಹಬ್ ಪೇಜಸ್ ಎಂಬ ತಾಣ ಇಡುವ ಸೇವೆಯಲ್ಲಿ ಒಂದು ಪ್ರಾಜೆಕ್ಟಿನ ತಾಣ ಡೊಮೈನಿನ ರೂಟ್‌ನಲ್ಲಿ ಕೂರುವುದಿಲ್ಲ. ಬಳಕೆದಾರರ ಡೊಮೈನಿನ ಕೆಳಗೆ ರೆಪೊಸಿಟರಿಯ (ಪ್ರಾಜೆಕ್ಟಿನ ಫೈಲ್‌ಗಳ ಸಂಗ್ರಹ) ಹೆಸರಿನ ಫೋಲ್ಡರಿನಲ್ಲಿ ಕೂರುತ್ತದೆ. ಅಲ್ಲಿ /ಶೈಲಿ/ಮುಖ್ಯ.ಸಿಎಸ್‌ಎಸ್ ಎಂದರೆ ರೆಪೊಸಿಟರಿಯ ಹೆಸರು ಬಿಟ್ಟುಹೋಗಿ ಡೊಮೈನಿನ ರೂಟ್‌ನಲ್ಲಿ ಹುಡುಕಿದಂತೆ. ಕಾಲೇಜಿನ ವಿಭಾಗಗಳ ತಾಣಗಳಲ್ಲೂ, ದೊಡ್ಡ ತಾಣದೊಳಗೆ "/ಕನ್ನಡ/" ಎಂದು ಜಾಗ ಕೊಟ್ಟಿರುವಲ್ಲೂ ಇದೇ ಕತೆ.

ಪರಿಹಾರ ಪ್ರತಿ ಲಿಂಕಿಗೂ ಕೈಯಿಂದ ರೆಪೊಸಿಟರಿ ಹೆಸರು ಸೇರಿಸುವುದಲ್ಲ. ಹಾಗೆ ಮಾಡಿದರೆ ನಾಳೆ ಸ್ವಂತ ಡೊಮೈನ್ ಕೊಂಡ ದಿನ ಅಷ್ಟನ್ನೂ ತೆಗೆಯಬೇಕು. ತಾಣ ಕಟ್ಟುವ ಸಾಧನಕ್ಕೆ ಒಂದೇ ಕಡೆ ಹೇಳಿ:

ಜೆಕಿಲ್‌ನಲ್ಲಿ ಬೇಸ್‌ಯುಆರ್‌ಎಲ್ ಎಂಬ ಸೆಟ್ಟಿಂಗಿಗೆ ಮುಂದೆ ಸ್ಲ್ಯಾಶ್ ಇಟ್ಟು, ಹಿಂದೆ ಇಡದೆ ಫೋಲ್ಡರ್ ಹೆಸರು ಕೊಡಿ, ಟೆಂಪ್ಲೇಟಿನ ಪ್ರತಿ ಒಳಲಿಂಕನ್ನೂ ರಿಲೇಟಿವ್_ಯುಆರ್‌ಎಲ್ ಫಿಲ್ಟರಿನ ಮೂಲಕ ಹಾಯಿಸಿ. ಸೆಟ್ಟಿಂಗ್ ಕೊಟ್ಟು ಫಿಲ್ಟರ್ ಮರೆಯುವುದು ಇಲ್ಲಿನ ಸಾಮಾನ್ಯ ತಪ್ಪು. ವೀಟ್ ಬಳಸುವವರು ಬೇಸ್ ಸೆಟ್ಟಿಂಗಿಗೆ ಎರಡೂ ಕಡೆ ಸ್ಲ್ಯಾಶ್ ಇಟ್ಟು ಹೆಸರು ಕೊಡಬೇಕು. ಹ್ಯೂಗೋದಲ್ಲಿ ಒಂದು ಬಲೆ ಇದೆ: ರೆಲ್‌ಯುಆರ್‌ಎಲ್‌ಗೆ ಕೊಡುವ ಪಾಥ್ ಸ್ಲ್ಯಾಶ್‌ನಿಂದ ಶುರುವಾದರೆ ಅದು ಉಪಫೋಲ್ಡರನ್ನು ಸೇರಿಸುವುದಿಲ್ಲ, ನೇರ ರೂಟ್‌ಗೆ ಹೋಗುತ್ತದೆ. ಮುಂದಿನ ಸ್ಲ್ಯಾಶ್ ತೆಗೆದರೆ ಸರಿಹೋಗುತ್ತದೆ. ಟೆಂಪ್ಲೇಟ್ ಸರಿಯಿದೆ, ಸೆಟ್ಟಿಂಗ್ ಸರಿಯಿದೆ, ಆದರೂ ಮುರಿದಿದೆ ಎಂದಾಗ ಹತ್ತರಲ್ಲಿ ಕೆಲವು ಸಲವಾದರೂ ಆ ಒಂದು ಗೆರೆಯೇ ಕಾರಣ.

ಫೈಲ್ ಮೇಲೆ ಎರಡು ಸಲ ಒತ್ತಿ ಬ್ರೌಸರಿನಲ್ಲಿ ತೆರೆದು ಪರೀಕ್ಷಿಸುವವರಿಗೂ ಇದೇ ತೊಂದರೆ. ಆಗ ಪ್ರೋಟೋಕಾಲ್ ಫೈಲ್ ಎಂದಾಗಿರುತ್ತದೆ, ಸ್ಲ್ಯಾಶ್‌ನಿಂದ ಶುರುವಾಗುವ ಲಿಂಕ್ ನಿಮ್ಮ ಡಿಸ್ಕಿನ ರೂಟ್‌ಗೆ ಹೋಗುತ್ತದೆ. ಎರಡು ಸ್ಲ್ಯಾಶ್‌ನಿಂದ ಶುರುವಾಗುವುದಂತೂ ಖಂಡಿತ ಸಿಗುವುದಿಲ್ಲ. ಲಿಂಕ್ ತಿದ್ದಬೇಡಿ, ಪರೀಕ್ಷಿಸುವ ವಿಧಾನ ತಿದ್ದಿ: ಪೈಥಾನ್ 3 ಇದ್ದರೆ ತಾಣದ ಫೋಲ್ಡರಿನಲ್ಲಿ ನಿಂತು ಅದರ ಎಚ್‌ಟಿಟಿಪಿ.ಸರ್ವರ್ ಮಾಡ್ಯೂಲ್ ಓಡಿಸಿದರೆ 8000ನೇ ಪೋರ್ಟಿನಲ್ಲಿ ಸರ್ವರ್ ಸಿದ್ಧ.

## ಬೇಸ್ ಟ್ಯಾಗ್

ತಾಣ ಸರಿಸಿದಾಗ ಹೆಡ್‌ನಲ್ಲಿ ಒಂದು ಬೇಸ್ ಟ್ಯಾಗ್ ಹಾಕಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಇದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳುವುದೇ ಮೇಲು. ಅದು ಪುಟದ ಎಲ್ಲ ರಿಲೇಟಿವ್ ಲಿಂಕ್‌ಗಳ ಲೆಕ್ಕ ಬದಲಿಸುತ್ತದೆ, # ಇಂದ ಶುರುವಾಗುವವನ್ನೂ ಬಿಡುವುದಿಲ್ಲ. ಅಡಿಕೆ ಪುಟದಲ್ಲಿ ಬೇಸ್ "/" ಎಂದಿದ್ದು ಪರಿವಿಡಿಯ #ಔಷಧಿ ಒತ್ತಿದರೆ ಓದುಗರು ಮುಖಪುಟಕ್ಕೆ ಹಾರಿಹೋಗುತ್ತಾರೆ. "ಪರಿವಿಡಿ ಒತ್ತಿದರೆ ಮುಖಪುಟ ಬರುತ್ತದೆ" ಎಂಬ ದೂರು ಕೇಳಿದ ಕೂಡಲೆ ಬೇಸ್ ಟ್ಯಾಗ್ ಹುಡುಕಿ. ಎರಡು ಬೇಸ್ ಟ್ಯಾಗ್ ಇದ್ದರೆ ಎಚ್‌ರೆಫ್ ಇರುವ ಮೊದಲನೆಯದೇ ನಡೆಯುವುದು. ಥೀಮಿನದೊಂದು, ಪ್ಲಗಿನ್ನಿನದೊಂದು ಸೇರಿಕೊಂಡಿರುವುದು ಅಪರೂಪವೇನಲ್ಲ. ಸ್ಲ್ಯಾಶ್‌ನಿಂದ ಶುರುವಾಗುವ ಲಿಂಕ್‌ಗಳಿಗೆ ಬೇಸ್ ಟ್ಯಾಗಿನಿಂದ ಹೋಸ್ಟ್ ಮಾತ್ರ ಸಿಗುತ್ತದೆ, ಅದರ ಫೋಲ್ಡರ್ ಸೇರುವುದಿಲ್ಲ. ಉಪಫೋಲ್ಡರಿನ ಸಮಸ್ಯೆಗೆ ಇದು ಮದ್ದಾಗದಿರುವುದು ಅದಕ್ಕೇ.

## ಸಿಎಸ್‌ಎಸ್ ಮತ್ತು ಸ್ಕ್ರಿಪ್ಟಿನೊಳಗಿನ ಲಿಂಕ್‌ಗಳು

ಸಿಎಸ್‌ಎಸ್ ಫೈಲಿನೊಳಗಿನ ಯುಆರ್‌ಎಲ್( ) ಎಣಿಕೆಯಾಗುವುದು ಆ ಸಿಎಸ್‌ಎಸ್ ಫೈಲ್ ಇರುವ ಜಾಗದಿಂದ, ಪುಟದಿಂದಲ್ಲ. /ಶೈಲಿ/ಮುಖ್ಯ.ಸಿಎಸ್‌ಎಸ್‌ನಲ್ಲಿ ../ಚಿತ್ರ/ಹಿನ್ನೆಲೆ.ಪಿಎನ್‌ಜಿ ಎಂದರೆ ಎಲ್ಲ ಪುಟಗಳಲ್ಲೂ /ಚಿತ್ರ/ಹಿನ್ನೆಲೆ.ಪಿಎನ್‌ಜಿಯೇ. ಅದೇ ಸಾಲನ್ನು ಎತ್ತಿ ಪುಟದ ಸ್ಟೈಲ್ ಟ್ಯಾಗಿಗೆ ಅಂಟಿಸಿದರೆ ಪುಟದಿಂದ ಎಣಿಕೆ ಶುರು. ವೇಗಕ್ಕೆಂದು ಸಿಎಸ್‌ಎಸ್ ಅನ್ನು ಪುಟದೊಳಗೆ ತುರುಕುವ ಇಲ್ಲವೇ ಹಲವು ಫೈಲ್‌ಗಳನ್ನು ಒಂದಾಗಿಸಿ ಬೇರೆ ಫೋಲ್ಡರಿನಲ್ಲಿಡುವ ಪ್ಲಗಿನ್‌ಗಳು ಹಾಕಿದ ಮರುದಿನ ಐಕಾನ್ ಫಾಂಟ್‌ಗಳು ಖಾಲಿ ಚೌಕಗಳಾಗುವುದು ಈ ಕಾರಣಕ್ಕೆ.

ಜಾವಾಸ್ಕ್ರಿಪ್ಟಿನಲ್ಲಿ ಇದು ತಿರುಗುಮುರುಗು. ಫೆಚ್ ಕರೆಯಲ್ಲಿನ ರಿಲೇಟಿವ್ ವಿಳಾಸ ಪುಟದ ಬೇಸ್‌ನಿಂದ ಎಣಿಕೆಯಾಗುತ್ತದೆ, ಸ್ಕ್ರಿಪ್ಟ್ ಫೈಲ್ ಎಲ್ಲಿದ್ದರೂ ಸರಿ. ಮಾಡ್ಯೂಲಿನ ಇಂಪೋರ್ಟ್ ಸಾಲು ಮಾತ್ರ ಆ ಮಾಡ್ಯೂಲ್ ಫೈಲಿನಿಂದ ಎಣಿಸುತ್ತದೆ. ಸ್ಕ್ರಿಪ್ಟಿನ ಪಕ್ಕದಲ್ಲಿರುವ ಡೇಟಾ ಫೈಲ್ ಬೇಕಿದ್ದರೆ ಇಂಪೋರ್ಟ್.ಮೆಟಾ.ಯುಆರ್‌ಎಲ್ ಅನ್ನು ಬೇಸ್ ಮಾಡಿ ವಿಳಾಸ ಕಟ್ಟಿ.

## ಸ್ಟೇಟಸ್ 200, ಆದರೂ ಪುಟ ಬಿಳಿ

ಒಂದೇ ಪುಟದ ಆ್ಯಪ್‌ಗಳಲ್ಲಿ ಕಾಣುವ ದೋಷ. ಲಿಂಕ್ ಒತ್ತಿಕೊಂಡು ಒಳಗೆ ಹೋದರೆ ಎಲ್ಲ ಸರಿ. ಅಲ್ಲಿ ಎಫ್5 ಒತ್ತಿದರೆ ಬಿಳಿ ಪುಟ. ನೆಟ್‌ವರ್ಕ್ ವಿಭಾಗದಲ್ಲಿ 404 ಒಂದೂ ಇಲ್ಲ. ಕನ್ಸೋಲ್‌ನಲ್ಲಿ "ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ '<'" ಎಂದಿರುತ್ತದೆ.

ನಡೆಯುವುದು ಇಷ್ಟು. ಪುಟದಲ್ಲಿ ಸ್ಕ್ರಿಪ್ಟಿನ ವಿಳಾಸ ./ಕಡತ/ಆ್ಯಪ್.ಜೆಎಸ್ ಎಂದಿದೆ. ಮುಖಪುಟದಿಂದ ಬಂದಾಗ ಅದು ಆಗಲೇ ಲೋಡ್ ಆಗಿತ್ತು. /ಬಳಕೆದಾರ/5 ಎಂಬಲ್ಲಿ ನಿಂತು ಹೊಸದಾಗಿ ಲೋಡ್ ಮಾಡಿದರೆ ಬ್ರೌಸರ್ /ಬಳಕೆದಾರ/ಕಡತ/ಆ್ಯಪ್.ಜೆಎಸ್ ಕೇಳುತ್ತದೆ. ಗೊತ್ತಿಲ್ಲದ ವಿಳಾಸಗಳಿಗೆಲ್ಲ ಮುಖಪುಟವನ್ನೇ ಕೊಡು ಎಂದು ಸರ್ವರಿಗೆ ಹೇಳಿಟ್ಟಿರುವುದರಿಂದ ಅದು 200 ಜೊತೆಗೆ ಎಚ್‌ಟಿಎಂಎಲ್ ಕೊಡುತ್ತದೆ. ಸ್ಕ್ರಿಪ್ಟ್ ಎಂದುಕೊಂಡು ಓದಲು ಹೊರಟ ಬ್ರೌಸರಿಗೆ ಮೊದಲ ಅಕ್ಷರವೇ '<'. ನೆಟ್‌ವರ್ಕ್ ವಿಭಾಗದಲ್ಲಿ ಸ್ಟೇಟಸ್ ಬಿಟ್ಟು, ಬಂದ ಉತ್ತರವನ್ನೇ ತೆರೆದು ನೋಡಿದರೆ ಗೊತ್ತಾಗುತ್ತದೆ. ಇಂಥ ಆ್ಯಪ್‌ಗಳಿಗೆ ಸ್ಲ್ಯಾಶ್‌ನಿಂದ ಶುರುವಾಗುವ ಬೇಸ್ ಕೊಡಿ. ಜೊತೆಗೆ /ಕಡತ/ ಫೋಲ್ಡರಿಗೆ ಮುಖಪುಟದ ಬದಲಿ ಅನ್ವಯಿಸದಂತೆ ಮಾಡಿದರೆ ಮುಂದಿನ ಸಲ ದೋಷ 404 ಆಗಿಯೇ ಕಾಣುತ್ತದೆ.

ಇದರದೇ ಇನ್ನೊಂದು ರೂಪ ಪಿಎಚ್‌ಪಿ ತಾಣಗಳಲ್ಲಿದೆ. ಇಂಡೆಕ್ಸ್.ಪಿಎಚ್‌ಪಿ/ ಎಂದು ಕೊನೆಗೆ ಸ್ಲ್ಯಾಶ್ ಸೇರಿದ ವಿಳಾಸವನ್ನೂ ಅಪಾಚೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಆ ಪುಟದ ಮೆನುವಿನಲ್ಲಿ ಲೇಖನ/ಮಳೆ/ ಎಂಬಂಥ ಲಿಂಕ್ ಇದ್ದರೆ ಪ್ರತಿ ಒತ್ತಿಗೂ ವಿಳಾಸ ಉದ್ದವಾಗುತ್ತದೆ: /ಇಂಡೆಕ್ಸ್.ಪಿಎಚ್‌ಪಿ/ಲೇಖನ/ಮಳೆ/ಲೇಖನ/ಮಳೆ/... ಮನುಷ್ಯರು ಎರಡು ಸಲಕ್ಕೆ ಬೇಸತ್ತು ಹೋಗುತ್ತಾರೆ. ಸರ್ಚ್ ಎಂಜಿನ್ನಿಗಾಗಿ ಪುಟಗಳನ್ನು ಸುತ್ತುವ ಕ್ರಾಲರ್ ಬೇಸರಿಸದೆ ಸುತ್ತುತ್ತಲೇ ಇರುತ್ತದೆ. ಸರ್ವರ್ ಲಾಗಿನಲ್ಲಿ ಒಂದೇ ಫೋಲ್ಡರ್ ಹೆಸರು ಮತ್ತೆ ಮತ್ತೆ ಬರುವ ಉದ್ದನೆಯ ಸಾಲುಗಳು ಕಂಡರೆ ಎಲ್ಲೋ ಒಂದು ಮುಂದಿನ ಸ್ಲ್ಯಾಶ್ ಬಿಟ್ಟುಹೋಗಿದೆ. ಅದನ್ನು ಸೇರಿಸಿ, ಆಕ್ಸೆಪ್ಟ್‌ಪಾಥ್‌ಇನ್ಫೋ ಆಫ್ ಮಾಡಿ.

404 ಪುಟವನ್ನೂ ಮರೆಯಬೇಡಿ. ಅದು ಯಾವ ಆಳದ ವಿಳಾಸದಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು, ಆದ್ದರಿಂದ ಅದರಲ್ಲಿ ಪುಟದಿಂದ ಹೊರಡುವ ಲಿಂಕ್ ಒಂದೂ ಇರಕೂಡದು. /ಅಸಂಬದ್ಧ ಮತ್ತು /ಅ/ಆ/ಇ/ಈ ಎರಡನ್ನೂ ತೆರೆದು ನೋಡಿ. ಎರಡರಲ್ಲೂ ಬಣ್ಣ, ಲೋಗೋ ಬಂದರೆ ಸರಿ.

## ಪೂರ್ಣ ವಿಳಾಸಗಳು ಕೆಡುವ ಬಗೆ

ಇಲ್ಲಿ ಆಳದ ಲೆಕ್ಕವಿಲ್ಲ, ಹೋಸ್ಟ್ ಮತ್ತು ಪ್ರೋಟೋಕಾಲ್ ಹಳೆಯದಾಗುವುದೇ ರೋಗ.

ಡಬ್ಲ್ಯುಡಬ್ಲ್ಯುಡಬ್ಲ್ಯು ಎಂದು ಶುರುಮಾಡಿ ಎಚ್‌ಟಿಟಿಪಿಎಸ್ ಬಿಟ್ಟರೆ ಅದು ಪೂರ್ಣ ವಿಳಾಸವೇ ಅಲ್ಲ. ಬ್ರೌಸರ್ ಅದನ್ನು ಒಂದು ಫೈಲ್ ಹೆಸರು ಎಂದು ಓದಿ ಈಗಿನ ಫೋಲ್ಡರಿಗೆ ಅಂಟಿಸುತ್ತದೆ. 404 ಬಂದ ವಿಳಾಸದಲ್ಲಿ ನಿಮ್ಮ ಡೊಮೈನಿನ ಹಿಂದೆಯೇ ಇನ್ನೊಂದು ಡೊಮೈನ್ ಕಂಡರೆ ಬೇರೆ ಕಾರಣ ಹುಡುಕಬೇಕಿಲ್ಲ.

ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬಂದ ತಾಣದಲ್ಲಿ ಹಳೆಯ ಪೂರ್ಣ ವಿಳಾಸಗಳು ಉಳಿದಿದ್ದರೆ ಸ್ಕ್ರಿಪ್ಟ್, ಸಿಎಸ್‌ಎಸ್, ಐಫ್ರೇಮ್‌ಗಳನ್ನು ಬ್ರೌಸರ್ ತಡೆಯುತ್ತದೆ. ಕನ್ಸೋಲ್ "ಮಿಕ್ಸೆಡ್ ಕಂಟೆಂಟ್" ಎನ್ನುತ್ತದೆ. ತುರ್ತಿಗೆ ಕಂಟೆಂಟ್-ಸೆಕ್ಯುರಿಟಿ-ಪಾಲಿಸಿ ಹೆಡರಿನಲ್ಲಿ ಅಪ್‌ಗ್ರೇಡ್-ಇನ್‌ಸೆಕ್ಯೂರ್-ರಿಕ್ವೆಸ್ಟ್ಸ್ ಸೇರಿಸಬಹುದು, ಆಮೇಲೆ ಮೂಲವನ್ನೇ ತಿದ್ದಿ. ಎರಡು ಸ್ಲ್ಯಾಶ್‌ನ ಲಿಂಕ್‌ಗಳು ಹೆಚ್ಚು ಬಳಕೆಗೆ ಬಂದದ್ದು ತಾಣಗಳು ಈ ಎರಡೂ ಪ್ರೋಟೋಕಾಲ್‌ಗಳಲ್ಲಿ ಓಡುತ್ತಿದ್ದ ಕಾಲದಲ್ಲಿ. ಈಗ ಅವುಗಳಿಂದ ಲಾಭವಿಲ್ಲ, ನೇರ ಎಚ್‌ಟಿಟಿಪಿಎಸ್ ಬರೆಯಿರಿ.

ವರ್ಡ್‌ಪ್ರೆಸ್ ತನ್ನ ಲೇಖನಗಳಲ್ಲಿ ಚಿತ್ರಗಳ ಪೂರ್ಣ ವಿಳಾಸವನ್ನೇ ಡೇಟಾಬೇಸಿಗೆ ಬರೆಯುತ್ತದೆ. ಹಾಗಾಗಿ ಡೊಮೈನ್ ಬದಲಾದ ಮೇಲೂ ಚಿತ್ರಗಳು ಹಳೆಯ ಸರ್ವರಿನಿಂದಲೇ ಬರುತ್ತಿರುತ್ತವೆ. ಹಳೆಯ ಸರ್ವರ್ ನಿಲ್ಲಿಸಿದ ದಿನ ಒಟ್ಟಿಗೆ ಮಾಯವಾಗುತ್ತವೆ. ಎಸ್‌ಕ್ಯುಎಲ್‌ನ ರೀಪ್ಲೇಸ್ ಕೊಟ್ಟು ಡೇಟಾಬೇಸನ್ನು ನೇರವಾಗಿ ತಿದ್ದಬೇಡಿ. ಪ್ಲಗಿನ್‌ಗಳ ಸೆಟ್ಟಿಂಗ್‌ಗಳು ಸೀರಿಯಲೈಸ್ ಆದ ರೂಪದಲ್ಲಿರುತ್ತವೆ, ಪ್ರತಿ ಪಠ್ಯದ ಹಿಂದೆ ಅದರ ಬೈಟ್ ಸಂಖ್ಯೆ ಬರೆದಿರುತ್ತದೆ. 24 ಬೈಟಿನ ವಿಳಾಸದ ಜಾಗದಲ್ಲಿ 27 ಬೈಟಿನದು ಬಂದು ಸಂಖ್ಯೆ 24 ಎಂದೇ ಉಳಿದರೆ ಇಡೀ ಸೆಟ್ಟಿಂಗ್ ಓದಲಾಗದೆ ಹೋಗುತ್ತದೆ, ವಿಜೆಟ್‌ಗಳು ಖಾಲಿಯಾಗುತ್ತವೆ. ಕ್ರಮ ಹೀಗಿರಲಿ:

1. ಡೇಟಾಬೇಸಿನ ಬ್ಯಾಕಪ್ ತೆಗೆಯಿರಿ.
2. ವರ್ಡ್‌ಪ್ರೆಸ್‌ನ ಕಮಾಂಡ್ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರೀಪ್ಲೇಸ್ ಕಮಾಂಡನ್ನು ಮೊದಲು ಡ್ರೈ-ರನ್ ಸ್ವಿಚ್ಚಿನೊಂದಿಗೆ ಓಡಿಸಿ, ಎಷ್ಟು ಕಡೆ ಬದಲಾಗುತ್ತದೆ ನೋಡಿ.
3. ಜಿಯುಐಡಿ ಕಾಲಮ್ ಬಿಟ್ಟು ಓಡಿಸಿ. ಅದು ವಿಳಾಸದಂತೆ ಕಂಡರೂ ಫೀಡ್ ಓದುಗಗಳಿಗೆ ಗುರುತಿನ ಸಂಖ್ಯೆಯಿದ್ದಂತೆ. ಬದಲಿಸಿದರೆ ಹಳೆಯ ಲೇಖನಗಳೆಲ್ಲ ಹೊಸದಾಗಿ ಕಾಣಿಸಿಕೊಳ್ಳುತ್ತವೆ.
4. ಪೇಜ್ ಬಿಲ್ಡರ್ ಬಳಸಿದ್ದರೆ ಇನ್ನೊಮ್ಮೆ ಓಡಿಸಬೇಕಾಗಬಹುದು. ಜೆಸನ್ ರೂಪದಲ್ಲಿ ಪ್ರತಿ ಸ್ಲ್ಯಾಶ್‌ನ ಹಿಂದೆ ಹಿಮ್ಮುಖ ಸ್ಲ್ಯಾಶ್ ಇರುತ್ತದೆ (\/), ಮೊದಲ ಹುಡುಕಾಟಕ್ಕೆ ಅವು ಸಿಕ್ಕಿರುವುದಿಲ್ಲ.

ವರ್ಡ್‌ಪ್ರೆಸ್ ತಾಣದ ವಿಳಾಸ ಇಡುವ ಸೈಟ್‌ಯುಆರ್‌ಎಲ್ ಸೆಟ್ಟಿಂಗ್ ತಪ್ಪಿ ಲಾಗಿನ್ ಪುಟವೇ ಹಳೆಯ ಡೊಮೈನಿಗೆ ಓಡುತ್ತಿದ್ದರೆ ಡಬ್ಲ್ಯುಪಿ-ಕಾನ್ಫಿಗ್ ಫೈಲಿನಲ್ಲಿ ಡಬ್ಲ್ಯುಪಿ_ಹೋಮ್, ಡಬ್ಲ್ಯುಪಿ_ಸೈಟ್‌ಯುಆರ್‌ಎಲ್ ಎರಡನ್ನೂ ಬರೆದು ಒಳಗೆ ಹೋಗಿ.

ಲಾಗಿನ್ ಇರುವ ತಾಣದಲ್ಲಿ ಒಂದು ಲಿಂಕ್ ಒತ್ತಿದ ಕೂಡಲೆ ಹೊರಬಿದ್ದಂತಾದರೆ, ಆ ಲಿಂಕಿನಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು ಇದೆಯೇ ನೋಡಿ. ಅದು ಇರುವ ಹೋಸ್ಟ್, ಇಲ್ಲದ ಹೋಸ್ಟ್ ಬೇರೆ ಬೇರೆ. ಒಂದರ ಕುಕಿ ಇನ್ನೊಂದಕ್ಕೆ ಹೋಗುವಂತೆ ಹೇಳಿಟ್ಟಿರದಿದ್ದರೆ ಹೋಗುವುದಿಲ್ಲ.

## ಅಕ್ಷರ ಒಂದೇ ಕಂಡರೂ

ವಿಂಡೋಸ್‌ನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಒಂದೇ ಎಂದು ನಡೆಯುತ್ತದೆ, ಲಿನಕ್ಸ್ ಸರ್ವರಿನಲ್ಲಿ ನಡೆಯುವುದಿಲ್ಲ. ಕ್ಯಾಮೆರಾ ಕೊಡುವ ಫೈಲ್‌ಗಳ ಕೊನೆಯಲ್ಲಿ ದೊಡ್ಡ ಅಕ್ಷರದ ಜೆಪಿಜಿ ಇರುವುದು ಹೆಚ್ಚು. ಹಿಮ್ಮುಖ ಸ್ಲ್ಯಾಶ್ ಬಳಸಿದ ಲಿಂಕನ್ನು ಬ್ರೌಸರ್ ತಿದ್ದಿಕೊಂಡು ಓದುತ್ತದೆ, ಲಿಂಕ್ ಪರೀಕ್ಷಿಸುವ ಉಪಕರಣಗಳು ಅಷ್ಟು ಉದಾರವಾಗಿರಬೇಕೆಂದಿಲ್ಲ.

ಕನ್ನಡ ಹೆಸರುಗಳಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ. ಪ್ರತಿ ಕನ್ನಡ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್. ವಿಳಾಸದಲ್ಲಿ ಶೇಕಡಾ ಚಿಹ್ನೆಯ ರೂಪಕ್ಕೆ ಬಂದಾಗ 9 ಅಕ್ಷರ. "ಮಳೆ" ಎಂಬ ಪುಟ್ಟ ಪದಕ್ಕೆ 27. ಉದ್ದವೊಂದೇ ಆಗಿದ್ದರೆ ಸಹಿಸಬಹುದಿತ್ತು. "ಬಸ್" ಎಂದು ಬರೆಯುವಾಗ ಕೆಲವು ಕೀಲಿಮಣೆಗಳು ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವೊಂದನ್ನು (ಯು+200ಸಿ) ಸೇರಿಸುತ್ತವೆ. ಪದದ ನಡುವೆ ಅದು ಒತ್ತಕ್ಷರವಾಗುವುದನ್ನು ತಪ್ಪಿಸುತ್ತದೆ, ಆದ್ದರಿಂದ ಇದ್ದದ್ದು ಗೊತ್ತಾಗುತ್ತದೆ. ಪದದ ಕೊನೆಯಲ್ಲಿ ಇದ್ದರೂ ಇಲ್ಲದಿದ್ದರೂ ನೋಟ ಒಂದೇ. ಫೈಲ್ ಹೆಸರಿನಲ್ಲಿ ಅದಿದ್ದು ಲಿಂಕಿನಲ್ಲಿ ಇಲ್ಲದಿದ್ದರೆ 404. ನೆಟ್‌ವರ್ಕ್ ವಿಭಾಗದಿಂದ ವಿಳಾಸ ನಕಲಿಸಿ ಅಂಟಿಸಿದಾಗ ನಡುವೆ %ಇ2%80%8ಸಿ ಕಂಡರೆ ಅದೇ ಕಳ್ಳ.

ಇನ್ನೊಂದು, ದೀರ್ಘ ಓಕಾರದ ಚಿಹ್ನೆ. ಯೂನಿಕೋಡ್‌ನಲ್ಲಿ ಇದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತವೆ. ಅಲ್ಲಿಂದ ಜಿಪ್ ಮಾಡಿ ಲಿನಕ್ಸ್‌ಗೆ ತಂದ "ಕೋಲಾರ" ಫೋಲ್ಡರ್, ಲಿಂಕಿನಲ್ಲಿ ನೀವು ಬರೆದ "ಕೋಲಾರ" ಎರಡರ ಬೈಟ್‌ಗಳು ಬೇರೆ. ಕನ್‌ವಿಎಂವಿ ಎಂಬ ಉಪಕರಣ ಹೆಸರುಗಳನ್ನು ಎನ್‌ಎಫ್‌ಸಿ, ಅಂದರೆ ತುಂಡುಗಳು ಒಂದಾದ ರೂಪಕ್ಕೆ ತರುತ್ತದೆ. ಪುಟಗಳಿಗೆ ಕನ್ನಡ ವಿಳಾಸ ಇರಲಿ, ಓದುಗರಿಗೆ ಅದು ಬೇಕು. ಚಿತ್ರ, ಸಿಎಸ್‌ಎಸ್, ಸ್ಕ್ರಿಪ್ಟ್ ಫೈಲ್‌ಗಳಿಗೆ ಇಂಗ್ಲಿಷಿನ ಚಿಕ್ಕ ಅಕ್ಷರ ಮತ್ತು ಅಂಕಿಗಳೇ ಸಾಕು. ಅವನ್ನು ಯಾರೂ ಓದುವುದಿಲ್ಲ.

ಹೆಸರಿನಲ್ಲಿ # ಇದ್ದರೆ %23, ? ಇದ್ದರೆ %3ಎಫ್, % ಇದ್ದರೆ %25 ಎಂದು ಬರೆಯಬೇಕು. ಮರುಹೆಸರಿಡುವುದು ಇನ್ನೂ ಸುಲಭ.

## ಯಾವುದನ್ನು ಎಲ್ಲಿ ಬಳಸುವುದು

ಸ್ವಂತ ಡೊಮೈನಿನ ಮಾಮೂಲಿ ತಾಣಕ್ಕೆ ಒಳಲಿಂಕ್‌ಗಳೆಲ್ಲ ಸ್ಲ್ಯಾಶ್‌ನಿಂದಲೇ ಶುರುವಾಗಲಿ. ಪುಟವನ್ನು ಯಾವ ಫೋಲ್ಡರಿಗೆ ಸರಿಸಿದರೂ, ಪರೀಕ್ಷಾ ಡೊಮೈನಿನಲ್ಲಿ ನೋಡಿದರೂ ಕೆಡುವುದಿಲ್ಲ. ಪುಟದಿಂದ ಹೊರಡುವ ಲಿಂಕ್ ಬೇಕಾಗುವುದು ಒಂದು ಗುಂಪು ಒಟ್ಟಿಗೇ ಊರೂರು ಸುತ್ತುವಾಗ: ಪೆನ್ ಡ್ರೈವಿನಲ್ಲಿ ಹಂಚುವ ಪಾಠಗಳು, ಇಪಬ್ ಪುಸ್ತಕ, ಯಾವ ಫೋಲ್ಡರಿನಲ್ಲಿ ಇಟ್ಟರೂ ಓಡಬೇಕಾದ ಕೈಪಿಡಿ. ಪೂರ್ಣ ವಿಳಾಸದಿಂದ ರ‍್ಯಾಂಕಿಂಗ್ ಏರುತ್ತದೆ ಎಂಬ ಮಾತಿಗೆ ಬೆಲೆ ಕೊಡಬೇಕಿಲ್ಲ. ಕ್ರಾಲರ್ ಕೂಡ ರಿಲೇಟಿವ್ ಲಿಂಕನ್ನು ಬ್ರೌಸರಿನಂತೆಯೇ ಜೋಡಿಸಿಕೊಳ್ಳುತ್ತದೆ.

ಆದರೆ ಲಿಂಕನ್ನು ಓದುವವರು ಪುಟದಲ್ಲಿ ನಿಂತಿರದಿದ್ದರೆ ಪೂರ್ಣ ವಿಳಾಸವೇ ಬೇಕು. ಇಮೇಲ್‌ಗೆ ಬೇಸ್ ಇಲ್ಲ. ತಾಣದ ಪುಟಗಳನ್ನು ಸರ್ಚ್ ಎಂಜಿನ್‌ಗೆ ಪಟ್ಟಿ ಮಾಡಿಕೊಡುವ ಸೈಟ್‌ಮ್ಯಾಪ್‌ನಲ್ಲಿ ನಿಯಮವೇ ಹಾಗಿದೆ (ಒಂದು ಫೈಲಿಗೆ 50,000 ವಿಳಾಸ, 50 ಎಂಬಿ ಮಿತಿ). ಭಾಷಾ ಆವೃತ್ತಿ ತಿಳಿಸುವ ಎಚ್‌ರೆಫ್‌ಲ್ಯಾಂಗ್, ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ತೋರಿಸುವ ಓಜಿ:ಇಮೇಜ್, ಫೀಡ್‌ನ ಲಿಂಕ್‌ಗಳು ಎಲ್ಲಕ್ಕೂ ಅದೇ. ಪುಟದ ಅಧಿಕೃತ ವಿಳಾಸ ಹೇಳುವ ಕೆನಾನಿಕಲ್‌ಗೆ ರಿಲೇಟಿವ್ ನಡೆದರೂ ಗೂಗಲ್ ಶಿಫಾರಸು ಮಾಡುವುದು ಪೂರ್ಣ ವಿಳಾಸವನ್ನು. ಈ ಪಟ್ಟಿಯಲ್ಲಿ ಹೋಸ್ಟನ್ನು ಕೈಯಿಂದ ಬರೆಯದೆ ಒಂದು ಸೆಟ್ಟಿಂಗಿನಿಂದ ತುಂಬಿಸಿ. ಪರೀಕ್ಷಾ ಡೊಮೈನಿನ ಕೆನಾನಿಕಲ್ ಹೊತ್ತು ಪ್ರಕಟವಾದ ತಾಣ ನೋಡಲು ಸರಿಯಾಗಿಯೇ ಇರುತ್ತದೆ, ಹುಡುಕಾಟದಲ್ಲಿ ಮಾತ್ರ ಸಿಗುವುದಿಲ್ಲ. ಏರಿಸುವ ಮೊದಲು ಕಟ್ಟಿದ ಫೋಲ್ಡರಿನಲ್ಲಿ ಲೋಕಲ್‌ಹೋಸ್ಟ್ ಮತ್ತು ಪರೀಕ್ಷಾ ಡೊಮೈನಿನ ಹೆಸರನ್ನು ಗ್ರೆಪ್‌ನಿಂದ ಹುಡುಕಿ, ಒಂದೂ ಸಿಗಬಾರದು.

## ತಿದ್ದಿದ ಮೇಲೆ

ಡಬ್ಲ್ಯುಗೆಟ್ ಎಂಬ ಡೌನ್‌ಲೋಡ್ ಕಮಾಂಡಿಗೆ ಸ್ಪೈಡರ್ ಮತ್ತು ರಿಕರ್ಸಿವ್ ಸ್ವಿಚ್ ಕೊಟ್ಟು ಇಡೀ ತಾಣ ಸುತ್ತಿಸಿದರೆ ಮುರಿದ ಲಿಂಕ್‌ಗಳ ಪಟ್ಟಿ ಕೊನೆಯಲ್ಲಿ ಬರುತ್ತದೆ. ಅದು ತಾನಾಗಿ ಐದು ಹಂತಕ್ಕಿಂತ ಆಳಕ್ಕೆ ಇಳಿಯುವುದಿಲ್ಲ, ಲೆವೆಲ್ ಸ್ವಿಚ್ಚಿಗೆ ಇನ್ಫ್ ಎಂದು ಕೊಡಿ. ಜಾವಾಸ್ಕ್ರಿಪ್ಟ್ ಕಟ್ಟುವ ಲಿಂಕ್‌ಗಳು ಅದಕ್ಕೆ ಕಾಣುವುದಿಲ್ಲ. ಅವಕ್ಕೆ ಸರ್ವರ್ ಲಾಗೇ ಗತಿ: 404 ಸಾಲುಗಳನ್ನು ಹೆಕ್ಕಿ ರೆಫರರ್ ಕಾಲಮ್ ನೋಡಿ. ನಿಮ್ಮದೇ ತಾಣದ ಪುಟದಿಂದ ಬಂದ ಕೋರಿಕೆಯಾದರೆ ಅಲ್ಲಿ ಆ ಪುಟದ ಪೂರ್ಣ ವಿಳಾಸ ಸಾಮಾನ್ಯವಾಗಿ ಇರುತ್ತದೆ, ತಿದ್ದಬೇಕಾದ ಪುಟ ಅದೇ.

ಹಳೆಯ ವಿಳಾಸಗಳನ್ನು ಹೊಸದಕ್ಕೆ ತಿರುಗಿಸುವಾಗ ಪರೀಕ್ಷೆ ಮುಗಿಯುವವರೆಗೆ 302, ಅಂದರೆ ತಾತ್ಕಾಲಿಕ ತಿರುಗಿಸುವಿಕೆ ಇಡಿ. 301 ಅನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ; ತಪ್ಪು 301 ಒಮ್ಮೆ ತಲುಪಿದ ಓದುಗರಿಗೆ ನೀವು ಸರ್ವರಿನಲ್ಲಿ ತಿದ್ದಿದ್ದು ಗೊತ್ತೇ ಆಗದಿರಬಹುದು. ಪ್ರತಿ ಸಲ ಹೊಸ ಖಾಸಗಿ ಕಿಟಕಿಯಲ್ಲಿ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆ 301ಕ್ಕೆ ಬದಲಿಸಿ.